ಗೋಡೆಗೂ ಕಣ್ಣುಂಟು

ಗೋಡೆಗೂ ಕಿವಿಯುಂಟೆಂದು ಹಿರಿಯರು ಹೇಳುತ್ತಿದ್ದರು. ಈಗ ಗೋಡೆಗೆ ಕಣ್ಣೂ ಬಂದಿದೆ. ಯಾದಗಿರಿಯ ರೈಲು ನಿಲ್ದಾಣದಿಂದ ಹೊರಬಿದ್ದು ಪೇಟೆಯ ಕಡೆಗೆ ನಡೆದರೆ ಬಟ್ಟೆ ಅಂಗಡಿ, ಔಷಧದ ಅಂಗಡಿ, ಖಾನಾವಳಿ, ಬಂಗಾರದ ಅಂಗಡಿ ಎಲ್ಲೆಡೆಯೂ ಸೂರಿನ ಕೆಳಗಿನಿಂದ ಒಂದು ಬಿಳಿಯ ಯಂತ್ರ ನಮ್ಮನ್ನು ನೋಡುತ್ತದೆ. ಶಹಾಪುರದ ಹತ್ತಿ ಜಿನ್ನುಗಳಲ್ಲಿ, ಸುರಪುರದ ಕಿರಾಣಿ ಅಂಗಡಿಗಳಲ್ಲಿ, ಹೊಸ ಬಡಾವಣೆಯ ಮನೆಗಳ ಬಾಗಿಲ ನೆತ್ತಿಯಲ್ಲಿಯೂ ಅದೇ. ಇದನ್ನು ಹಾಕಿಸುವವರು ಬಹಳ ಮಂದಿ; ಯಾವುದನ್ನು, ಎಲ್ಲಿ, ಏತಕ್ಕಾಗಿ ಹಾಕಿಸಬೇಕೆಂದು ವಿಚಾರಿಸುವವರು ಕಡಿಮೆ. ಆ ವಿಚಾರವನ್ನು ಎತ್ತುವುದೇ ಈ ಲೇಖನದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಕಳ್ಳನ ಕೈ ಹಿಡಿಯುವುದಿಲ್ಲ, ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಅದು ಕಾವಲುಗಾರನಲ್ಲ, ಸಾಕ್ಷಿ. ನ್ಯಾಯಾಲಯವು ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವಂತೆ, ಕೊಳ್ಳುವವನು ಈ ಯಂತ್ರವನ್ನು ಕೊಳ್ಳುವ ಮೊದಲೇ ಪಾಟೀಸವಾಲಿಗೆ ಒಳಪಡಿಸಬೇಕು. ಹಾಗೆ ಮಾಡದಿದ್ದರೆ ಹಣ ನಷ್ಟವಾಗುವುದು ಸಣ್ಣ ಮಾತು. ನಿರಪರಾಧಿಯೊಬ್ಬನ ಅನ್ನಕ್ಕೆ ಕಲ್ಲು ಬೀಳಬಹುದು. ಇದು ಊಹೆಯಲ್ಲ, ನಮ್ಮ ಮನೆತನದಲ್ಲಿಯೇ ನಡೆದುದು.

ಶಹಾಪುರದಲ್ಲಿ ನನ್ನ ಸೋದರಮಾವನವರದೊಂದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆ ಬೇಳೆ, ಬೆಲ್ಲ, ಎಣ್ಣೆಯ ಡಬ್ಬಿಗಳ ಉದ್ದನೆಯ ಗೋದಾಮು. ಕಿಟಕಿಯಿಲ್ಲದ್ದರಿಂದ ಅಲ್ಲಿ ಹಗಲೂ ಟ್ಯೂಬ್‌ಲೈಟು ಉರಿಯಬೇಕು. ಎರಡು ವರ್ಷದ ಕೆಳಗೆ ದೀಪಾವಳಿಗೆ ಮುಂಚೆ ಮಾವನವರು ನಾಲ್ಕು ಕ್ಯಾಮೆರಾಗಳ ಒಂದು ಸೆಟ್ಟನ್ನು ಹಾಕಿಸಿದರು. “ನಾಲ್ಕು ಕ್ಯಾಮೆರಾ, ಒಂದು ಡಿ.ವಿ.ಆರ್., ಒಂದು ಪರದೆ, ಮೊಬೈಲಿನಲ್ಲೂ ಕಾಣುತ್ತದೆ” ಎಂದರು ಮಾರಿದವರು. ಮಾವನವರು ಬೆಲೆ ಕೇಳಿದರು, ವ್ಯವಹಾರ ಮುಗಿಯಿತು. ಹಬ್ಬದ ಮರುವಾರ ಒಂದು ರಾತ್ರಿ ಅಂಗಡಿ ಮುಚ್ಚುವಾಗ ನೋಡಿದರೆ, ಗೋದಾಮಿನ ತುದಿಯ ಮೇಜಿನ ಖಾನೆಯಲ್ಲಿ ತೆಗೆದಿಟ್ಟಿದ್ದ 18,000 ರೂಪಾಯಿ ಇರಲಿಲ್ಲ. ಮೊಬೈಲಿನಲ್ಲಿ ಚಿತ್ರವನ್ನು ಹಿಂದಕ್ಕೆ ತಿರುಗಿಸಿ ನೋಡಿದರು. ತಲೆಗೆ ಟವೆಲು ಸುತ್ತಿದ ಒಬ್ಬ ಮನುಷ್ಯ ಮೇಜಿನ ಬಳಿ ಬಾಗಿ, ಎದ್ದು, ಹಿಂಬಾಗಿಲಿನಿಂದ ಹೊರಟುಹೋದ. ಮುಖವೆಂಬುದು ಒಂದು ಮಸುಕು ಚುಕ್ಕೆ. ಚಿತ್ರದ ಮೂಲೆಯಲ್ಲಿ ವೇಳೆ ಮಧ್ಯಾಹ್ನ 2 ಗಂಟೆ 10 ನಿಮಿಷ.

ಆ ಹೊತ್ತಿಗೆ ಮಿಕ್ಕವರೆಲ್ಲ ಊಟಕ್ಕೆ ಹೋಗಿರುತ್ತಾರೆ. ಗೋದಾಮಿನಲ್ಲಿ ಉಳಿಯುವವನು ಆರು ವರ್ಷದಿಂದ ದುಡಿಯುತ್ತಿದ್ದ ಹಮಾಲನೊಬ್ಬನೇ. “ನಡಗಿ ಅವಂದ ಐತಿ” ಎಂದು ಒಬ್ಬರು ಅಂದರು. ಉಳಿದವರಿಗೂ ಹಾಗೆಯೇ ಕಾಣತೊಡಗಿತು. ಮಾವನವರು ಪೊಲೀಸರಿಗೆ ದೂರು ಕೊಡಲಿಲ್ಲ. “ನಾಳಿಂದ ಬರಬ್ಯಾಡ” ಎಂದಷ್ಟೇ ಹೇಳಿದರು. ಅವನು “ನಾ ಅಲ್ಲರಿ ಸಾವ್ಕಾರ್ರ” ಎಂದು ಎರಡು ಸಲ ಹೇಳಿ ಹೊರಟುಹೋದ. ಹದಿನೈದು ದಿನದಲ್ಲಿ ಹೆಂಡತಿ ಮಕ್ಕಳೊಡನೆ ಬೆಂಗಳೂರಿಗೆ ಗುಳೆ ಹೋದನೆಂದು ತಿಳಿಯಿತು.

ಮುಂದಿನ ತಿಂಗಳು ನಾನು ಅಂಗಡಿಗೆ ಹೋಗಿದ್ದೆ. ಬೆಳಿಗ್ಗೆ ಹತ್ತು ಗಂಟೆ. ಸುಮ್ಮನೆ ಪರದೆಯತ್ತ ನೋಡಿದೆ. ಅದರ ಮೂಲೆಯಲ್ಲಿ 4:30 ಎಂದಿತ್ತು. ಯಂತ್ರದ ಗಡಿಯಾರವನ್ನು ನಮ್ಮ ದೇಶದ ವೇಳೆಗೆ ಹೊಂದಿಸಿಯೇ ಇರಲಿಲ್ಲ. ಅದು ಗ್ರೀನಿಚ್ ವೇಳೆಯಲ್ಲಿ, ಅಂದರೆ ಐದೂವರೆ ಗಂಟೆ ಹಿಂದೆ ನಡೆಯುತ್ತಿತ್ತು. ಹಾಗಾದರೆ ಆ 2:10 ಎಂಬುದು ನಿಜವಾಗಿ ರಾತ್ರಿಯ 7:40. ಹಮಾಲನು ದಿನಾಲು ಆರು ಗಂಟೆಯ ಬಸ್ಸಿಗೆ ತನ್ನ ಹಳ್ಳಿಗೆ ಹೊರಟುಬಿಡುವವನು. ಅಂದು ಬೀದಿಯ ಕಡೆಗಿನ ಕ್ಯಾಮೆರಾದ ಚಿತ್ರವನ್ನು ನೋಡಿದ್ದರೂ ಸಾಕಿತ್ತು, ದೀಪ ಉರಿಯುತ್ತಿದ್ದುದು ಕಾಣುತ್ತಿತ್ತು. ಯಾರೂ ನೋಡಲಿಲ್ಲ. ಕಳ್ಳನಾರೆಂಬುದು ಇಂದಿಗೂ ಗೊತ್ತಾಗಿಲ್ಲ. ಮಾವನವರು ಫೋನು ಮಾಡಿ ತಪ್ಪಾಯಿತೆಂದಾಗ ಅವನು, “ಇರ್ಲಿ ಬಿಡ್ರಿ ಸಾವ್ಕಾರ್ರ, ಹುಡುಗ್ರನ್ನ ಇಲ್ಲೇ ಸಾಲಿಗಿ ಹಾಕೀನಿ” ಎಂದನಂತೆ.

ನಮ್ಮ ಸುರಪುರದಲ್ಲಿ 1841ರಿಂದ 1853ರವರೆಗೆ ಇದ್ದ ಮೆಡೋಸ್ ಟೇಲರನನ್ನು ಓದುಗರು ಬಲ್ಲರು. ಅವನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಠಗ್ಗನೊಬ್ಬನು ತನ್ನ ಕೃತ್ಯಗಳನ್ನು ತಾನೇ ಹೇಳಿಕೊಳ್ಳುವ ಕಾದಂಬರಿಯನ್ನು ಅವನು 1839ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಆ ಕಾಲದಲ್ಲಿ ಠಗ್ಗರನ್ನು ಅಡಗಿಸಿದುದು ಬಹುಮಟ್ಟಿಗೆ ಮಾಫಿ ಸಾಕ್ಷಿಗಳ ಮಾತಿನಿಂದ. ಆದರೆ ಮನುಷ್ಯನಾದ ಸಾಕ್ಷಿಯನ್ನು “ನೀನೆಲ್ಲಿ ನಿಂತಿದ್ದೆ? ಬೆಳಕಿತ್ತೆ? ಎಷ್ಟು ಹೊತ್ತಾಗಿತ್ತು?” ಎಂದು ಕೇಳಬಹುದು. ಯಂತ್ರವನ್ನು ಹಾಗೆ ಕೇಳಲು ನಮಗೆ ತೋಚುವುದೇ ಇಲ್ಲ. ಯಂತ್ರ ಸುಳ್ಳಾಡದೆಂಬ ನಂಬಿಕೆಯೇ ನಮ್ಮ ಮಾವನವರಿಗೆ ಮೋಸ ಮಾಡಿತು. ಆದುದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ನಿನಗೆ ಕಾಣುವುದೇ? ಕಂಡುದು ನೆನಪಿರುವುದೇ? ಕಂಡುದನ್ನು ಯಾರಿಗೆ ಹೇಳುವೆ?

ಮೊದಲನೆಯದು ಕಾಣುವ ವಿಚಾರ. ಅಂಗಡಿಯವರು “ಎಷ್ಟು ಮೆಗಾಪಿಕ್ಸೆಲ್ ಬೇಕು?” ಎಂದು ಕೇಳುತ್ತಾರೆ. ನಾವು ಕೇಳಬೇಕಾದುದು “ಎಷ್ಟು ದೂರದ ಮುಖ ಗುರುತು ಸಿಗುತ್ತದೆ?” ಎಂದು. ಇದಕ್ಕೊಂದು ಅಂಗೀಕೃತ ಅಳತೆಯಿದೆ. ನೋಡುವ ಸ್ಥಳದ ಒಂದು ಮೀಟರು ಅಗಲದಲ್ಲಿ ಚಿತ್ರದ 25 ಚುಕ್ಕೆಗಳು ಬಿದ್ದರೆ ಯಾರೋ ಇದ್ದಾರೆಂಬುದು ಮಾತ್ರ ತಿಳಿಯುತ್ತದೆ. 125 ಬಿದ್ದರೆ ಪರಿಚಿತನ ಗುರುತು ಹತ್ತುತ್ತದೆ. ಅಪರಿಚಿತನ ಮುಖವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಗುರುತಿಸಲು 250 ಬೇಕು. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 2 ಮೆಗಾಪಿಕ್ಸೆಲಿನ ಕ್ಯಾಮೆರಾ ಅಡ್ಡಕ್ಕೆ 1920 ಚುಕ್ಕೆಗಳನ್ನು ಕೊಡುತ್ತದೆ. ಅದಕ್ಕೆ 2.8 ಮಿಲಿಮೀಟರಿನ ಮಸೂರವಿದ್ದರೆ ಸುಮಾರು 100 ಡಿಗ್ರಿ ಅಗಲ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ ಮುಖ ಗುರುತಾಗುವುದು ಮೂರು ಮೀಟರು, ಎಂದರೆ ಹತ್ತು ಅಡಿ ದೂರದವರೆಗೆ ಮಾತ್ರ. 5 ಮೆಗಾಪಿಕ್ಸೆಲಿನದು ಕೊಂಡರೂ ನಾಲ್ಕು ಮೀಟರು ದಾಟಿ ಸ್ವಲ್ಪ ಹೋಗಬಹುದು, ಅಷ್ಟೆ. ಅದೇ 2 ಮೆಗಾಪಿಕ್ಸೆಲಿಗೆ 6 ಮಿಲಿಮೀಟರಿನ ಮಸೂರ ಹಾಕಿದರೆ ಕಾಣುವ ಅಗಲ ಅರ್ಧಕ್ಕಿಳಿಯುತ್ತದೆ, ಮುಖ ಮಾತ್ರ ಎಂಟು ಮೀಟರಿನವರೆಗೂ ಗುರುತಾಗುತ್ತದೆ. ಮಾವನವರ ಗೋದಾಮಿನಲ್ಲಿ ಅಗಲ ನೋಟದ ಕ್ಯಾಮೆರಾ ಮೂಲೆಯ ಎತ್ತರದಲ್ಲಿತ್ತು. ಮೇಜು ಇದ್ದುದು ಮೂವತ್ತು ಅಡಿಯಾಚೆ. ಅಲ್ಲಿಗೆ ಬಿದ್ದ ಚುಕ್ಕೆಗಳು ಮೀಟರಿಗೆ ತೊಂಬತ್ತರಷ್ಟು. ಪರಿಚಿತನನ್ನು ಗುರುತಿಸಲೂ ಸಾಲದ ಚಿತ್ರದಿಂದ ಒಬ್ಬನನ್ನು ಗುರುತಿಸಿ ತೀರ್ಪು ಕೊಟ್ಟಿದ್ದೆವು.

ಆದುದರಿಂದ ಗೋದಾಮೆಲ್ಲ ಕಾಣಲೆಂದು ಒಂದು ಅಗಲ ನೋಟದ ಕ್ಯಾಮೆರಾ ಇರಲಿ; ಬಾಗಿಲಲ್ಲಿ ಬಂದವನ ಮುಖಕ್ಕೆಂದೇ, ತಲೆಗಿಂತ ತುಸು ಮಾತ್ರ ಎತ್ತರದಲ್ಲಿ, ಕಿರಿದು ನೋಟದ ಇನ್ನೊಂದಿರಲಿ. ಎಷ್ಟು ಎತ್ತರಕ್ಕೆ ಏರಿಸಿದರೆ ಅಷ್ಟು ಒಳ್ಳೆಯದೆಂಬುದು ತಪ್ಪು. ಎತ್ತರದಿಂದ ಕಾಣುವುದು ಟವೆಲು, ಟೊಪ್ಪಿಗೆಗಳೇ ಹೊರತು ಮುಖವಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ ಬೀದಿಗೆ ಮುಖಮಾಡಿದ ಕ್ಯಾಮೆರಾಕ್ಕೆ ಒಳಬರುವ ಗಿರಾಕಿಯು ಕಪ್ಪು ನೆರಳಾಗಿ ತೋರುತ್ತಾನೆ. ಬೆಳಕು ಕತ್ತಲೆಗಳೆರಡನ್ನೂ ಸರಿದೂಗಿಸುವ, ಪೇಟೆಯಲ್ಲಿ ಡಬ್ಲ್ಯೂ.ಡಿ.ಆರ್. ಎಂದು ಕರೆಯುವ ಗುಣ ಅಂಥಲ್ಲಿ ಬೇಕು. ರಾತ್ರಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರ ಕಪ್ಪು ಬಿಳುಪಾಗುತ್ತದೆ. ಕಪ್ಪು ಅಂಗಿಯೂ ಬಿಳಿದಾಗಿ ಕಾಣಬಹುದು. ಆದುದರಿಂದ ಬಟ್ಟೆಯ ಬಣ್ಣ ನೋಡಿ ಆಣೆ ಮಾಡಬಾರದು. ಕ್ಯಾಮೆರಾದ ಬಳಿಗೆ ಹುಳು ಬರುತ್ತದೆ, ಹುಳುವಿಗೆ ಜೇಡ ಬರುತ್ತದೆ, ಬಲೆ ಕಟ್ಟಿದ ಮೇಲೆ ಕಾಣುವುದು ಬಲೆಯೊಂದೇ. ಹತ್ತಿಯ ಜಿನ್ನಿನಲ್ಲಿಯೂ ಅಕ್ಕಿಯ ಗಿರಣಿಯಲ್ಲಿಯೂ ಹಾರುವ ದೂಳಿಗೆ ಐ.ಪಿ. 66 ಎಂಬ ಗುರುತಿನ, ದೂಳು ಒಳಗೆ ಹೋಗದ ಕ್ಯಾಮೆರಾ ಬೇಕು. ವಾರಕ್ಕೊಮ್ಮೆ ಒರೆಸುವ ಕೈಯೂ ಬೇಕು.

ಎರಡನೆಯದು ನೆನಪಿನ ವಿಚಾರ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆನ್ನೋಣ, ದಿನಕ್ಕೆ 21.6 ಗಿಗಾಬೈಟ್ ಆಯಿತು. ನಾಲ್ಕಕ್ಕೆ 86 ಗಿಗಾಬೈಟಿಗೆ ಮೇಲೆ. ಸೆಟ್ಟಿನೊಡನೆ ಬರುವ 1 ಟೆರಾಬೈಟ್ ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸತೊಡಗುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದ ದಿನದ ಕಳ್ಳತನ ಸಂಜೆಗೇ ತಿಳಿದೀತು. ದುಡಿಯಲು ಬೆಂಗಳೂರು ಮುಂಬಯಿಗಳಿಗೆ ಹೋದವರ ಮನೆಯ ಬೀಗ ಮುರಿದುದು ತಿಳಿಯಲು ತಿಂಗಳೇ ಬೇಕು. ತಿಂಗಳ ನೆನಪಿಗೆ 2.6 ಟೆರಾಬೈಟ್ ಬೇಕು. ಇಲ್ಲವೆ ಚಲನೆ ಕಂಡಾಗ ಮಾತ್ರ ಬರೆಯುವಂತೆ ಏರ್ಪಡಿಸಬೇಕು. ಒಮ್ಮೆಗೆ 100 ಮಂದಿ ಅಥವಾ ದಿನಕ್ಕೆ 500 ಮಂದಿ ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ಚಿತ್ರವನ್ನು ಉಳಿಸಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯೇ ಹೇಳುತ್ತದೆ. ಈ ಲೆಕ್ಕವನ್ನು ನಮ್ಮ ಕಾಲೇಜಿನಂಥ ಸಂಸ್ಥೆಗಳೂ ಹಾಕಿ ನೋಡಬೇಕು.

ವಿದ್ಯುತ್ತು ಹೋದರೆ ಸಾಕ್ಷಿ ಮೂರ್ಛೆ ಬೀಳುತ್ತದೆ. ನಾಲ್ಕು ಕ್ಯಾಮೆರಾ ಮತ್ತು ಡಿ.ವಿ.ಆರ್. ಸೇರಿ ಸುಮಾರು 40 ವಾಟ್ ತಿನ್ನುತ್ತವೆ. ಅಗ್ಗದ ಪೆಟ್ಟಿಗೆಯೊಳಗಿನ 12 ವೋಲ್ಟು 7 ಆಂಪಿಯರ್-ಗಂಟೆಯ ಬ್ಯಾಟರಿ ಒಂದೂವರೆ ಗಂಟೆ ನಡೆಸಬಹುದು. ಮನೆಯ ದೊಡ್ಡ ಇನ್ವರ್ಟರಿಗೆ ಜೋಡಿಸಿದರೆ ರಾತ್ರಿಯೆಲ್ಲ ನಡೆಯುತ್ತದೆ. ಡಿ.ವಿ.ಆರ್. ಅನ್ನು ತಗಡಿನ ಮಾಡಿನ ಕೆಳಗಿಟ್ಟರೆ ನಮ್ಮ ಬೇಸಿಗೆಗೆ ಡಿಸ್ಕು ಕೆಡುತ್ತದೆ. ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ಕಳ್ಳನು ಹಣದೊಡನೆ ಸಾಕ್ಷಿಯನ್ನೂ ಹೊತ್ತುಕೊಂಡು ಹೋಗುತ್ತಾನೆ. ಗಾಳಿಯಾಡುವ, ಬೀಗವಿರುವ, ಯಾರ ಕಣ್ಣಿಗೂ ಬೀಳದ ಜಾಗವನ್ನು ಅದಕ್ಕೆ ಮೊದಲೇ ಗೊತ್ತುಮಾಡಬೇಕು. ಗಡಿಯಾರದ ಮಾತನ್ನಂತೂ ಮತ್ತೆ ಹೇಳಬೇಕಾಗಿಲ್ಲ.

ಚಿತ್ರವನ್ನು ಮೊಬೈಲಿನಲ್ಲಿ ಮರುಚಿತ್ರ ತೆಗೆದು ಹಂಚುವುದು ಸಾಕ್ಷ್ಯವಲ್ಲ, ಚಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯ ನಕಲಿನೊಡನೆ ಪ್ರಮಾಣಪತ್ರವಿರಬೇಕು. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕು. ಆದುದರಿಂದ ಮೂಲ ಕಡತವನ್ನು ಹಾಗೆಯೇ ಹೊರತೆಗೆಯಲು ಬರುವ ಯಂತ್ರವನ್ನೇ ಕೊಳ್ಳಬೇಕು. ಹೊರತೆಗೆಯುವ ಕ್ರಮವನ್ನು ಹಾಕಿಸಿದ ದಿನವೇ ಕಲಿತುಕೊಳ್ಳಬೇಕು.

ಇನ್ನು ಪರದೆಯ ವಿಷಯ. ದೊಡ್ಡ ಪರದೆ ತಂದು ಗೋಡೆಗೆ ತೂಗುಹಾಕುವುದು ಕೆಲವರಿಗೆ ಪ್ರತಿಷ್ಠೆ. ನೋಡುವವನಿಲ್ಲದ ಪರದೆ ಗೋಡೆಯ ಅಲಂಕಾರ. ನ್ಯೂಯಾರ್ಕಿನ ದಾದಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬಾಕೆ 1966ರಲ್ಲಿ ತನ್ನ ಗಂಡನೊಡನೆ ಮನೆಯ ಕಾವಲಿಗೊಂದು ವ್ಯವಸ್ಥೆಯನ್ನು ರೂಪಿಸಿ ಪೇಟೆಂಟಿಗೆ ಅರ್ಜಿ ಹಾಕಿದಳು. 1969ರಲ್ಲಿ ಅದು ದೊರೆಯಿತು. ಬಾಗಿಲಿನ ಇಣುಕುಗಂಡಿಗಳ ಹಿಂದೆ ಒಂದು ಕ್ಯಾಮೆರಾ, ಒಳಕೋಣೆಯಲ್ಲಿ ಒಂದು ಪರದೆ, ಬಂದವನೊಡನೆ ಮಾತಾಡಲು ಧ್ವನಿಯಂತ್ರ, ಬಾಗಿಲು ತೆಗೆಯಲೊಂದು ಗುಂಡಿ, ಅಪಾಯವಾದರೆ ಸುದ್ದಿ ಮುಟ್ಟಿಸಲೊಂದು ಗುಂಡಿ. ಆಕೆಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ: ಬಾಗಿಲಲ್ಲಿ ಯಾರಿದ್ದಾರೆ? ಪರದೆಯಿದ್ದುದು ಆ ಉತ್ತರ ಬೇಕಾದವರ ಕೈಯಳತೆಯಲ್ಲಿ. ನಾವೂ ಹಾಗೆಯೇ ಕೇಳಿಕೊಳ್ಳಬೇಕು. ಒಬ್ಬಂಟಿ ಅಜ್ಜಿಯಿರುವ ಮನೆಗೆ ಅಡಿಗೆಮನೆಯಲ್ಲೊಂದು ಚಿಕ್ಕ ಪರದೆ ಸಾಕು. ಅಂಗಡಿಯಲ್ಲಿ ಬಂದವರಿಗೆ ತಮ್ಮ ಚಿತ್ರ ಕಾಣುವಂತೆ ಒಂದು ಪರದೆ ಇಟ್ಟರೆ ಕದಿಯುವ ಮನಸ್ಸಿನವನು ಹಿಂಜರಿದಾನು. ಎಂಟು ಚಿತ್ರಗಳನ್ನು ಒಂದು ಸಣ್ಣ ಪರದೆಗೆ ತುರುಕಿದರೆ ಎಂಟೂ ಕಾಣುವುದಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ಕಂಡುದನ್ನು ಯಾರಿಗೆ ಹೇಳುವೆ? 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲೋಕದ ಸಾವಿರಾರು ಕ್ಯಾಮೆರಾ ಮತ್ತು ಡಿ.ವಿ.ಆರ್.ಗಳೊಳಗೆ ಹೊಕ್ಕಿತು, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಅವುಗಳ ಒಡೆಯರು ಬದಲಾಯಿಸಿರಲಿಲ್ಲವೆಂಬುದೇ ಅದರ ಬೀಗದ ಕೈ. 2025ರಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಚಿತ್ರಗಳು ಹೊರಬಿದ್ದು ಮಾರಾಟವಾದ ಸುದ್ದಿ ಓದಿದಾಗ ಯಾರ ಮನಸ್ಸು ಕುದಿಯದು? ಕಾವಲಿಗಿಟ್ಟ ಕಣ್ಣು ಕಳ್ಳನದಾಯಿತು. ಕೇಂದ್ರ ಸರಕಾರವು 2025ರ ಏಪ್ರಿಲಿನಿಂದ ಇಂಥ ಕ್ಯಾಮೆರಾಗಳಿಗೆ ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಸುರಕ್ಷತೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಹೆಸರಿಲ್ಲದ ಅಗ್ಗದ ಮಾಲನ್ನು ಬಿಟ್ಟು, ಪರೀಕ್ಷೆಯ ಪತ್ರವಿರುವುದನ್ನು ಬಿಲ್ಲಿನೊಡನೆ ಕೊಳ್ಳಬೇಕು. ಹಾಕಿದ ಹುಡುಗ ಊರು ಬಿಡುವ ಮುನ್ನ ಗುಪ್ತಪದವನ್ನು ನಾವೇ ಬದಲಾಯಿಸಬೇಕು.

ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದು ವಾಡಿಕೆ. ಅಕ್ಕಂದಿರು ತಾಯಂದಿರು ಅಂಗಳದಲ್ಲಿ ಪಾತ್ರೆ ಬೆಳಗುತ್ತಾರೆ, ಕೂದಲು ಆರಿಸಿಕೊಳ್ಳುತ್ತಾರೆ. ಪಕ್ಕದ ಮನೆಯ ಕಂಬದಿಂದ ಒಂದು ಕಣ್ಣು ದಿನವೆಲ್ಲ ಅವರನ್ನು ನೋಡುತ್ತಿದ್ದರೆ ಅವರು ಮಾಡಿದ ಅಪರಾಧವೇನು? ಖಾಸಗಿ ಬದುಕು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆಯನ್ನು ಹೂಡಿದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ನೆರೆಮನೆ ಕಾಣುವ ಭಾಗಕ್ಕೆ ಕಪ್ಪು ಪಟ್ಟಿ ಹಾಕುವ ಅನುಕೂಲ ಬಹುತೇಕ ಯಂತ್ರಗಳಲ್ಲಿಯೇ ಇದೆ, ಅದನ್ನು ಬಳಸಬೇಕು. ಕೆಲಸದವರಿಗೆ ಕ್ಯಾಮೆರಾ ಇರುವುದನ್ನು ಮೊದಲೇ ಹೇಳಬೇಕು. ಕಾಲೇಜಿನ ಹಜಾರದಲ್ಲಿ ಹಾಕಿದರೆ ಚಿತ್ರವನ್ನು ನೋಡುವವರಾರು, ಎಷ್ಟು ದಿನ ಇಡುತ್ತಾರೆ ಎಂಬುದನ್ನು ಹಲಗೆಯ ಮೇಲೆ ಬರೆದು ತೂಗುಹಾಕಲಿ ಎಂದು ಗುರುಗಳಲ್ಲಿ ನನ್ನ ವಿನಂತಿ.

ಇದನ್ನೋದಿ ನಾನು ಕ್ಯಾಮೆರಾದ ವೈರಿಯೆಂದು ಯಾರೂ ತಿಳಿಯಬಾರದು. ಎಲ್ಲ ಪೊಲೀಸ್ ಠಾಣೆಗಳಲ್ಲಿಯೂ ಕ್ಯಾಮೆರಾ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಆಜ್ಞೆ ಮಾಡಿತು. ಅಲ್ಲಿ ಅದು ಬಡವನ ಪರವಾದ ಸಾಕ್ಷಿ. ಆದರೆ ಅದರಿಂದಲೇ ಕಳ್ಳತನ ನಿಲ್ಲುವುದೆಂಬ ಭ್ರಮೆ ಬೇಡ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಂತೆ, ಕ್ಯಾಮೆರಾ ಇದ್ದೆಡೆ ಅಪರಾಧ ಸರಾಸರಿ ನೂರಕ್ಕೆ ಹದಿಮೂರರಷ್ಟು ತಗ್ಗಿತು. ಹೆಚ್ಚು ತಗ್ಗಿದುದು ವಾಹನ ನಿಲ್ಲಿಸುವ ತಾಣಗಳಲ್ಲಿ. ಹೊಡೆದಾಟ ಬಡಿದಾಟಗಳಲ್ಲಿ ಎದ್ದು ಕಾಣುವ ಇಳಿಕೆಯಾಗಲಿಲ್ಲ. ಗಟ್ಟಿಯಾದ ಬೀಗ, ಬಾಗಿಲ ಮುಂದೊಂದು ದೀಪ, ಊರಿಗೆ ಹೋಗುವಾಗ “ಸ್ವಲ್ಪ ಮನಿ ಕಡೆ ನೋಡ್ರಿ” ಎಂದು ಹೇಳಿ ಹೋಗಬಹುದಾದ ನೆರೆಯವರು, ಇವು ಮೊದಲು; ಕ್ಯಾಮೆರಾ ಆಮೇಲೆ.

ಮಾವನವರು ಈಗ ಗೋದಾಮಿನ ಹಿಂಬಾಗಿಲಿಗೆ ಮುಖದೆತ್ತರದ ಕ್ಯಾಮೆರಾ ಹಾಕಿಸಿದ್ದಾರೆ. ಹೊಸ ಹಮಾಲ ಬಂದ ದಿನವೇ ಅವನನ್ನು ಪರದೆಯ ಮುಂದೆ ನಿಲ್ಲಿಸಿ ತೋರಿಸಿದರು. ತಿಂಗಳ ಮೊದಲ ದಿನ ಯಂತ್ರದ ಗಡಿಯಾರವನ್ನು ಗೋಡೆಯ ಗಡಿಯಾರದೊಡನೆ ಹೋಲಿಸುತ್ತಾರೆ. ಹಳೆಯವನು ಮಾತ್ರ ತಿರುಗಿ ಬರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ, ನೆಂಟರ ಅಂಗಡಿಯಲ್ಲಿ ಈ ಯಂತ್ರವಿದೆ. ಹಿರಿಯರು ಅದನ್ನು ನಂಬುತ್ತಾರೆ; ಅದನ್ನು ಪ್ರಶ್ನಿಸುವ ಓದು ನಮಗೆ ದೊರೆತಿದೆ. ಈ ರಜೆಯಲ್ಲಿ ಊರಿಗೆ ಹೋದಾಗ ಬೇರೇನೂ ಮಾಡದಿದ್ದರೂ ಪರದೆಯ ಮೂಲೆಯ ವೇಳೆಯನ್ನು ನಿಮ್ಮ ಕೈಗಡಿಯಾರದೊಡನೆ ಒಮ್ಮೆ ಹೋಲಿಸಿ ನೋಡಿರಿ.